ಗಂಜಿ ಹಾಕಿದ ಡೇರೆ

ಪ್ರವಾಸಕ್ಕಿಂತ ಪ್ರವಾಸದ ತಯಾರಿಯೇ ನನಗೆ ಹೆಚ್ಚು ಇಷ್ಟ. ಇದನ್ನು ನನ್ನ ಹೆಂಡತಿ ವಿಮಲಾಳ ಎದುರಿಗೆ ಹೇಳುವ ಧೈರ್ಯ ಇವತ್ತಿಗೂ ನನಗಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ತಯಾರಿ ಮಾಡುವವನು ನಾನು, ಪ್ರವಾಸ ಪಾರು ಮಾಡಿಸುವವಳು ಅವಳು. ಹೊರಡುವ ದಿನ ಹತ್ತಿರ ಬಂದಷ್ಟೂ ನನ್ನ ಉತ್ಸಾಹ ಏರುತ್ತದೆ, ಅವಳ ಮುಖ ಇಳಿಯುತ್ತದೆ. ಬಸ್ಸು ಸ್ಟ್ಯಾಂಡು ಬಿಟ್ಟ ಗಳಿಗೆಗೆ ನನ್ನ ಪ್ರವಾಸ ಮುಗಿದಿರುತ್ತದೆ. ಅವಳದು ಆಗ ಶುರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಇಚಲಕರಂಜಿಯಲ್ಲಿ ನಮ್ಮ ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅವುಗಳ ಖಟಾಖಟಿಯಲ್ಲೇ ನನ್ನ ಇಬ್ಬರು ಮಕ್ಕಳೂ ಹುಟ್ಟಿ ಬೆಳೆದವರು. ಮಗಳು ಸುನಂದಾ ಏಳು ವರ್ಷದವಳು, ಮಗ ಬಾಳು ನಾಲ್ಕರವನು. ಆ ಚಳಿಗಾಲದ ಕೊನೆಗೆ ಸುನಂದಾಳಿಗೆ ವಿಷಮಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದಳು. ಜ್ವರ ಇಳಿಯಿತು, ಆದರೆ ಹಸಿವೆ ಮರಳಿ ಬರಲಿಲ್ಲ. ತಟ್ಟೆಯ ಮುಂದೆ ಕೂತು ಒಂದೊಂದೇ ಅಗುಳನ್ನು ಎತ್ತಿ ಮತ್ತೆ ತಟ್ಟೆಗೇ ಬಿಡುತ್ತಿದ್ದಳು. ಅವಳ ವರ್ಗದವರೆಲ್ಲ ಪನ್ಹಾಳಗಡಕ್ಕೆ ಸಹಲಿಗೆ, ಅಂದರೆ ಶಾಲೆಯ ಪ್ರವಾಸಕ್ಕೆ, ಹೋಗಿ ಬಂದರು. ಇವಳು ಕಿಟಕಿಯಿಂದ ಅವರ ಲಾರಿ ನೋಡಿದಳು ಅಷ್ಟೇ.

ಒಂದು ಮಧ್ಯಾಹ್ನ ನಾನು ಒಳಗೆ ಬಂದಾಗ ಎರಡು ಕುರ್ಚಿಗಳ ಮೇಲೆ ಆಯಿಯ ಹಳೆಯ ಸೀರೆ ಹೊದಿಸಿ ಅದರ ಕೆಳಗೆ ಅಕ್ಕ ತಮ್ಮ ಕೂತಿದ್ದರು. ಆಯಿ ಎಂದರೆ ಅವರ ಅಜ್ಜಿ, ನನ್ನ ಅವ್ವ. ಸುನಂದಾ ಸೀರೆಯ ಸಂದಿಯಿಂದ ಮುಖ ಹೊರಹಾಕಿ ಕೇಳಿದಳು:

“ಅಪ್ಪಾ, ಖರೇ ಖರೇ ಡೇರೇದಾಗ ಮಲ್ಕೊಂಡ್ರ ಹೆಂಗ ಅನಸತೈತಿ?”

ಎರಡು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಮಾತು ಅದು. ನಾನು ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ: “ಮಲ್ಕೊಂಡ ನೋಡೂಣಂತ ನಡಿ!”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವಿಮಲಾ ಕೇಳಿಸಿಕೊಂಡಿದ್ದಳು.

ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿ ನದಿಯ ದಂಡೆಗೆ ವಿಮಲಾಳ ಸೋದರಮಾವನ ಹೊಲವಿತ್ತು. ಮೇ ತಿಂಗಳ ರಜೆಯಲ್ಲಿ, ಮಗ್ಗಕ್ಕೆ ಕರೆಂಟು ಇಲ್ಲದ ವಾರದ ರಜೆ ನೋಡಿಕೊಂಡು, ಅಲ್ಲಿ ಒಂದು ರಾತ್ರಿ ಬಿಡಾರ ಹೂಡುವುದೆಂದು ನಾನು ಘೋಷಿಸಿದೆ. ಡಾಕ್ಟರು “ಹೊರಗಿನ ಗಾಳಿ ಒಳ್ಳೇದು, ಆದರೆ ಹುಡುಗಿ ತೊಯ್ಯಬಾರದು” ಎಂದರು. ಮೊದಲರ್ಧ ನನ್ನ ಕಿವಿಗೆ ಬಿತ್ತು, ಉಳಿದರ್ಧ ವಿಮಲಾಳ ಕಿವಿಗೆ.

ಅವ್ವನನ್ನು ಒಪ್ಪಿಸುವುದು ಹೇಗೆಂದು ನಾನು ಎರಡು ದಿನ ಮಾತು ಜೋಡಿಸಿದೆ. ನಮ್ಮದು ಜೈನರ ಮನೆ. ಅವ್ವ ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಟ್ಟವಳಲ್ಲ, ಸೋಸದ ನೀರು ಕುಡಿದವಳಲ್ಲ. ನಾನು ಪೀಠಿಕೆ ಹಾಕುವ ಮೊದಲೇ ಅವಳು ತನ್ನ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತ ಕೂತಿದ್ದಳು.

“ಅಲ್ಲೋ ತಮ್ಮಾ, ಹೊಳಿ ದಂಡಿಗೆ ಹೊಂಡೂದು ಎಂದ?” ಎಂದಳು. “ನಾ ಎಂಟ ವರ್ಷದಾಕಿ ಇದ್ದಾಗ ಒಮ್ಮೆ ಬಯಲಾಗ ಮಲಗಿದ್ದೆ. ಆಮ್ಯಾಲ ಮದವೀ ಆತ ನೋಡ, ಬಯಲು ಮುಗದ ಹೋತು.”

ಹೀಗೆ ನಾಲ್ವರು ಐವರಾದೆವು. ನನ್ನ ಪಟ್ಟಿ ಉದ್ದವಾಗತೊಡಗಿತು. ಬಟ್ಟೆಯ ಥಾನಿನೊಳಗಿಡುವ ರಟ್ಟಿನ ಹಿಂಭಾಗದಲ್ಲಿ ನಾನು ಬರೆಯುತ್ತಿದ್ದೆ. ಕಂದೀಲು, ಸ್ಟೋವು, ಹಗ್ಗ, ಗೂಟ, ಸುತ್ತಿಗೆ. ಅದರ ಕೆಳಗೆ ವಿಮಲಾ ಸೇರಿಸಿದಳು: ಔಷಧಿಯ ಡಬ್ಬಿ, ಉಣ್ಣೆಯ ಟೊಪ್ಪಿಗೆ, ಮಕ್ಕಳಿಗೆ ಮೂರು ಮೂರು ಜೊತೆ ಬಟ್ಟೆ. ಅವ್ವ ಬಾಯಲ್ಲಿ ಹೇಳಿ ಬರೆಸಿದಳು: ನೀರು ಸೋಸುವ ಅರಿವೆ, ಜೋಳದ ಹಿಟ್ಟು, ತನ್ನ ಹಂಚು, ತನ್ನ ಚಾಪೆ, ಜಪದ ಮಣಿ. ಬಾಳು ಮಗ್ಗದ ಹಳೆಯ ಲಾಳಿಯೊಂದನ್ನು ತಂದು ಚೀಲದಲ್ಲಿ ಹಾಕಿದ. ತೆಗೆದರೆ ಮತ್ತೆ ಹಾಕುತ್ತಿದ್ದ. ಸುನಂದಾ ಬರೆಸಿದ್ದು ಒಂದೇ: “ಡೇರೆ.”

ಆಗ ನಾನು ಸ್ವಲ್ಪ ಯೋಚನೆಗೆ ಬಿದ್ದೆನೆಂದು ಒಪ್ಪಿಕೊಳ್ಳಬೇಕು. ನಮ್ಮ ಧರ್ಮದ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಒಂದೂರಲ್ಲಿ ತಳ ಊರುವುದಿಲ್ಲ. ಅವರ ಸಾಮಾನೆಂದರೆ ನವಿಲುಗರಿಯ ಪಿಂಛಿ, ಒಂದು ಕಮಂಡಲು. ಅಂಥವರಿಗೆ ಕೈಮುಗಿಯುತ್ತ ಬೆಳೆದ ನಾನು ಒಂದು ರಾತ್ರಿಗೆ ಎರಡು ಟ್ರಂಕು, ಮೂರು ಚೀಲ, ಒಂದು ಬುಟ್ಟಿ ಕಟ್ಟುತ್ತಿದ್ದೆ. ಕನ್ನಡದಲ್ಲಿ ‘ಬಿಡು’ ಎಂಬುದರಿಂದಲೇ ‘ಬೀಡು’ ಆಯಿತು ಎಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಏನನ್ನಾದರೂ ಬಿಟ್ಟರೆ ತಾನೇ ಬೀಡು? ನಾನು ಏನನ್ನೂ ಬಿಡುವವನಾಗಿರಲಿಲ್ಲ. ಆದರೂ ಸುಳ್ಳು ಯಾಕೆ ಹೇಳಲಿ, ಆ ಹದಿನೈದು ದಿನ ನನ್ನಷ್ಟು ಸುಖಿ ಇಚಲಕರಂಜಿಯಲ್ಲಿ ಇನ್ನೊಬ್ಬನಿರಲಿಲ್ಲ.

ಡೇರೆಯ ಮಾತಿಗೆ ಬರುತ್ತೇನೆ. ನೇಕಾರನ ಮನೆಯಲ್ಲಿ ಬಟ್ಟೆಗೇನು ಬರ? ನಮ್ಮದೇ ಮಗ್ಗದಿಂದ ಇಳಿದ ಕೋರಾ ಬಟ್ಟೆಯನ್ನು ದರ್ಜಿಗೆ ಕೊಟ್ಟು ಡೇರೆ ಹೊಲಿಸಿದೆ. ಮಗ್ಗಕ್ಕೆ ಏರಿಸುವ ಮೊದಲು ನೂಲು ಹರಿಯದಿರಲೆಂದು ಅದಕ್ಕೆ ಗಂಜಿ ಉಣಿಸುತ್ತಾರೆ. ಹಾಗಾಗಿ ತೊಳೆಯದ ಕೋರಾ ಬಟ್ಟೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ವಿಮಲಾ “ಒಮ್ಮೆ ನೀರಾಗ ಹಾಕಿ ತಗೀರಿ” ಎಂದಳು. “ತೊಳದ್ರ ಮೆತ್ತಗಾಗಿ ಜೋತ ಬೀಳತೈತಿ. ಈಗ ನೋಡ, ಗ್ವಾಡಿ ನಿಂತಂಗ ನಿಲ್ಲತೈತಿ” ಎಂದೆ ನಾನು, ಹತ್ತು ವರ್ಷ ಅದೇ ಬಟ್ಟೆ ನೇಯ್ದ ಜಾಣ.

ಮಾಳಿಗೆಯ ಮೇಲೆ ತಾಲೀಮು ನಡೆಸಿದೆವು. ಡೇರೆ ನಿಜಕ್ಕೂ ಗೋಡೆಯಂತೆ ನಿಂತಿತು. ಬೆರಳಿಂದ ತಟ್ಟಿದರೆ ಹಲಗೆಯಂತೆ ಸದ್ದು ಬರುತ್ತಿತ್ತು. ಪಕ್ಕದ ಮನೆಯವರು ತಮ್ಮ ಮಾಳಿಗೆಯಿಂದ ನೋಡಿ, “ಕಾಯ್ ಹೋ, ಘರ ಸೋಡೂನ ಚಾಲ್ಲಾಯ ಕಾ?” ಎಂದು ಕೂಗಿದರು. ಮನೆ ಬಿಟ್ಟು ಹೊರಟಿರೇನು ಎಂದು. “ಹೋ, ಹೋ!” ಎಂದು ಕುಣಿದವಳು ಸುನಂದಾ. ಆ ಸಂಜೆ ಅವಳು ಮಾಳಿಗೆಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಇಳಿದಳು. ವಿಮಲಾ ನನ್ನ ಕಡೆ ನೋಡಿದಳು. ಅವಳ ಮುಖ ಆ ಒಂದು ದಿನ ಇಳಿದಿರಲಿಲ್ಲ.

ಹೊರಟ ದಿನ ಕೊಲ್ಹಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿದೆವು. ಟ್ರಂಕುಗಳು ಬಸ್ಸಿನ ತಲೆಯ ಮೇಲೇರಿದವು. ಡೇರೆಯ ಗಂಟನ್ನು ಮಾತ್ರ ನಾನು ತೊಡೆಯ ಮೇಲೆ ಇಟ್ಟುಕೊಂಡೆ. ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ ಮುಟ್ಟುವವರೆಗೆ ಬಾಳು ಪ್ರತಿ ನಿಲ್ದಾಣದಲ್ಲೂ “ಇದ ಡೇರೆ ಊರ ಏನ?” ಎಂದು ಕೇಳಿದ. ಕಂಡಕ್ಟರು ಮೊದಮೊದಲು ನಕ್ಕರು. ಆಮೇಲೆ ಅವರೇ “ಇನ್ನ ಇಲ್ಲಪ್ಪಾ, ಡೇರೆ ಊರು ಮುಂದ ಐತಿ” ಎಂದು ಹೇಳತೊಡಗಿದರು.

ಸೋದರಮಾವ ಕಳಿಸಿದ ಚಕ್ಕಡಿಯಲ್ಲಿ ಹೊಲ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಹೊಳೆ ಬೇಸಿಗೆಗೆ ಸಣ್ಣಗಾಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ಪಕ್ಕದ ಹೊಲದಲ್ಲಿ ಕುರಿಮಂದೆ ಇಳಿದಿತ್ತು. ಗೊಬ್ಬರವಾಗಲೆಂದು ರೈತರು ಬೇಸಿಗೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಂದೆಯ ಯಜಮಾನ ಬೀರಪ್ಪ, ಅವನ ಹೆಂಡತಿ ಲಗಮವ್ವ, ಸುನಂದಾಳಿಗಿಂತ ಒಂದಂಗುಲ ಎತ್ತರದ ಮಗಳು ಮಾಯವ್ವ. ಅವರದು ಗಡಿಯ ಆಚೆಗಿನ ಹಳ್ಳಿ. ವರ್ಷದ ಎಂಟು ತಿಂಗಳು, ಮೇವು ತೀರಿದಂತೆಲ್ಲ, ಹೊಲದಿಂದ ಹೊಲಕ್ಕೆ ನಡೆಯುವ ಜನ. ಮೂವರೂ ಬಂದು ನಾವು ಸಾಮಾನು ಇಳಿಸುವುದನ್ನು ನೋಡುತ್ತ ನಿಂತರು.

“ಎಷ್ಟ ತಿಂಗಳ ಇರಾವ್ರರಿ?” ಎಂದು ಕೇಳಿದ ಬೀರಪ್ಪ.

“ಒಂದ ರಾತ್ರಿ.”

ಅವನು ಟ್ರಂಕುಗಳನ್ನು ನೋಡಿದ, ನನ್ನನ್ನು ನೋಡಿದ. ಡೇರೆ ಎದ್ದ ಮೇಲೆ ಅದನ್ನು ಒಂದು ಸುತ್ತು ಹಾಕಿ, ಬಟ್ಟೆಯನ್ನು ಹಿಚುಕಿ, ಮೂಗಿಗೆ ಹಿಡಿದು ಹೇಳಿದ: “ಸಾವ್ಕಾರ್ರ, ಬಾಗಲಾ ಪಡುವಣಕ್ಕ ಮಾಡೀರಿ. ಸಂಜೀಕ ವಳಿವ ಬಂದ್ರ ಒಳಗ ಹೊಕ್ಕತೈತ್ರಿ.” ಬೇಸಿಗೆಯ ಸಂಜೆ ಗುಡುಗಿನೊಂದಿಗೆ ಬಂದು ಹೋಗುವ ಮಳೆಗೆ ನಮ್ಮ ಕಡೆ ವಳಿವ ಎನ್ನುತ್ತೇವೆ.

“ಹೊತ್ತ ಮುಳಗೂದು ಕಾಣಲಿ ಅಂತ ಹಂಗ ಮಾಡೇನಿ” ಎಂದೆ. ಆಕಾಶದಲ್ಲಿ ಒಂದು ಹಿಡಿ ಮೋಡವೂ ಇರಲಿಲ್ಲ.

ಮಕ್ಕಳು ಹೊಳೆಗೆ ಓಡಿದರು. ಮಾಯವ್ವ ಸುನಂದಾಳಿಗೆ ಬಂಡೆಯಿಂದ ಬಂಡೆಗೆ ದಾಟುವುದನ್ನು ಕಲಿಸಿದಳು. ಬಾಳು ಲಾಳಿಯನ್ನು ದೋಣಿ ಮಾಡಿ ನೀರಿಗೆ ಬಿಟ್ಟ. ಅವ್ವ ಕಾಲನ್ನು ನೀರಲ್ಲಿ ಇಳಿಬಿಟ್ಟು ಕೂತು, ತನಗೆ ಗೊತ್ತಿರುವ ಹೊಳೆಗಳ ಹೆಸರನ್ನೆಲ್ಲ ಮೊಮ್ಮಗಳಿಗೆ ಹೇಳಿದಳು. ವಿಮಲಾ ಒಂದು ಬಂಡೆಯ ಮೇಲೆ ಸುಮ್ಮನೆ ಮಲಗಿದ್ದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ಅವಳು ಸುಮ್ಮನೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಯಾರಿಯಷ್ಟೇ ಪ್ರವಾಸವೂ ಚೆನ್ನಾಗಿರಬಹುದು ಎಂಬ ಅನುಮಾನ ನನಗೆ ಆಗ ಬಂತು.

ಐದು ಗಂಟೆಯ ಹೊತ್ತಿಗೆ ಗಾಳಿ ನಿಂತಿತು. ಕುರಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದವು. ಪಡುವಣದ ಗುಡ್ಡದ ಹಿಂದಿನಿಂದ ಕಪ್ಪು ಮೋಡ ಮೇಲೆದ್ದು, ನಾನು ನೋಡನೋಡುತ್ತಿದ್ದಂತೆ ಅರ್ಧ ಆಕಾಶ ತುಂಬಿತು. “ಡೇರೇಕ ನಡೀರಿ!” ಎಂದು ಕೂಗಿ ಎಲ್ಲರನ್ನೂ ಒಳಗೆ ಕೂರಿಸಿದೆ. ವಿಮಲಾ ಸುನಂದಾಳಿಗೆ ಉಣ್ಣೆಯ ಟೊಪ್ಪಿಗೆ ತೊಡಿಸಿ ಮಡಿಲಿಗೆ ಎಳೆದುಕೊಂಡಳು.

ಮೊದಲ ಹನಿಗಳು ಡೇರೆಯ ಮೇಲೆ ಹಲಗೆ ಬಾರಿಸಿದಂತೆ ಬಿದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದೆ. ಅಷ್ಟರಲ್ಲಿ ಮಳೆ ಸುರಿಯಿತು. ಪಡುವಣದ ಬಾಗಿಲಿಂದ ಒಳಗೆ ಬಂದದ್ದು ಬೇರೆ ಮಾತು. ಮಾಡಿನಲ್ಲಿ ಆಗುತ್ತಿದ್ದದ್ದೇ ಬೇರೆ. ನನ್ನ ಗೋಡೆ ಮೆತ್ತಗಾಯಿತು, ಜೋತುಬಿತ್ತು, ಹೊಟ್ಟೆ ಬಿಟ್ಟಿತು. ಆ ಹೊಟ್ಟೆಯಿಂದ ಬೆಳ್ಳಗಿನ ದಪ್ಪ ಹನಿಯೊಂದು ಇಳಿದು ಅವ್ವನ ತಲೆಯ ಮೇಲೆ ಬಿತ್ತು. ಇನ್ನೊಂದು ನನ್ನ ಕನ್ನಡಕದ ಮೇಲೆ. ಗಂಜಿ! ಬಟ್ಟೆ ಉಂಡದ್ದನ್ನೆಲ್ಲ ಕಾರತೊಡಗಿತ್ತು. ಬಾಳು ತನ್ನ ಕೈ ನೆಕ್ಕಿ, “ಅಪ್ಪಾ, ಉಪ್ಪ ಇಲ್ಲಾ” ಎಂದ. ವಿಮಲಾ ಅವನ ಕೈಗೆ ಒಂದು ಕೊಟ್ಟಳು. ಮರುಕ್ಷಣ ನಡುಗೂಟ ಕಿತ್ತು ಡೇರೆ ನಮ್ಮೆಲ್ಲರ ಮೇಲೆ ಒದ್ದೆ ದೋಸೆಯಂತೆ ಕವಿಯಿತು.

ನಗು ಬರುತ್ತಿದೆ ಈಗ. ಆಗ ಬರಲಿಲ್ಲ. ಆ ಅಂಟುಕತ್ತಲೆಯಲ್ಲಿ ಸುನಂದಾಳ ಹಲ್ಲು ಕಟಕಟಿಸುವ ಸದ್ದು ಕೇಳಿತು. ‘ತೊಯ್ಯಬಾರದು’ ಎಂದ ಡಾಕ್ಟರರ ಮಾತು ಅವತ್ತು ಮೊದಲ ಬಾರಿಗೆ ನನ್ನ ಕಿವಿಯೊಳಗೆ ಹೊಕ್ಕಿತು. ನಾನು ಬಟ್ಟೆಯನ್ನು ಕಿತ್ತೊಗೆಯಲು ನೋಡಿದೆ. ಅದು ಕೈಗೇ ಅಂಟಿಕೊಂಡಿತು. “ನನ್ನ ಕೂಸು, ನನ್ನ ಕೂಸು” ಎಂದು ವಿಮಲಾ ಅನ್ನುತ್ತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗಿನಿಂದ ಯಾರೋ ಬಟ್ಟೆ ಎತ್ತಿದರು. ಲಗಮವ್ವ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. “ಕೂಸಿನ್ನ ಕೊಡ್ರಿ ಇಲ್ಲೆ” ಎಂದವಳೇ ಸುನಂದಾಳನ್ನು ಎತ್ತಿಕೊಂಡು ನಡೆದಳು. ನಾವೆಲ್ಲ ಅವಳ ಹಿಂದೆ ಓಡಿದೆವು. ನಾಲ್ಕು ಕೋಲಿನ ಮೇಲೆ ದಪ್ಪ ಕಂಬಳಿ ಕಟ್ಟಿದ ಅವರ ಬಿಡಾರ ಮಂಡಿಯೂರಿ ಹೊಗುವಷ್ಟೇ ಎತ್ತರವಿತ್ತು. ಒಳಗೆ ಒಂದು ಹನಿ ಇರಲಿಲ್ಲ. ಹುಡುಗಿಯ ಒದ್ದೆ ಬಟ್ಟೆ ಕಳಚಿ, ಒಣ ಕಂಬಳಿಯಲ್ಲಿ ಸುತ್ತಿ, ಎಳೆಯ ಕುರಿಮರಿಗಳನ್ನು ಕೂಡಿಹಾಕಿದ್ದ ಜಾಗದಲ್ಲಿ, ಸರಿಯಾಗಿ ಮರಿಗಳ ನಡುವೆಯೇ ಮಲಗಿಸಿದಳು.

“ಮರಿ ಬೆಚ್ಚಗ ಇರತಾವ್ರಿ ಅಕ್ಕಾರ. ನಮ್ಮ ಮಾಯಿನ್ನೂ ಹಿಂಗ ಬೆಳಸೀವಿ, ಏನೂ ಆಗೂದಿಲ್ಲ” ಎಂದಳು ವಿಮಲಾಳಿಗೆ.

ವಿಮಲಾ ಮಗಳ ಹಣೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ನಾನು ಬಿಡಾರದ ಬಾಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತಿದ್ದೆ. ನನ್ನ ಯೋಗ್ಯತೆಗೆ ಅಷ್ಟು ಜಾಗ ಸಾಕೆನಿಸಿತ್ತು. ಸ್ವಲ್ಪ ಹೊತ್ತಿಗೆ ಹಲ್ಲಿನ ಸದ್ದು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಕಂಬಳಿಯೊಳಗಿಂದ ಕಿಲಕಿಲ ನಗು. ಒಂದು ಮರಿ ಅವಳ ಕಿವಿ ಚೀಪುತ್ತಿತ್ತು.

ಮಳೆ ಬಂದಷ್ಟೇ ಬೇಗ ಹೋಯಿತು. ಮೋಡ ಮಾತ್ರ ಹೋಗಲಿಲ್ಲ. ಬೀರಪ್ಪ ಹೊರಗಿನಿಂದ ಕರೆದ: “ಸಾವ್ಕಾರ್ರ, ಲಗೂನ ಬರ್ರಿ ಇಲ್ಲೆ. ನಿಮ್ಮ ಡೇರೆ ಭಾಳ ರುಚಿ ಐತಿ ಅಂತ ಕಾಣತೈತಿ!” ಹೋಗಿ ನೋಡಿದರೆ ನೆಲಕ್ಕೆ ಬಿದ್ದ ಡೇರೆಯ ಸುತ್ತ ಕುರಿಗಳು ಪಂಕ್ತಿಗೆ ಕೂತಂತೆ ನಿಂತು ನೆಕ್ಕುತ್ತಿದ್ದವು. ಆಡೊಂದು ಅಂಚಿನಿಂದ ಶುರುಮಾಡಿ ಬಟ್ಟೆಯನ್ನೇ ತಿನ್ನುತ್ತಿತ್ತು. ನನ್ನ ಮಗ್ಗದ ಮಾಲಿಗೆ ಇಷ್ಟು ಮುಗಿಬಿದ್ದ ಗಿರಾಕಿಗಳನ್ನು ನಾನು ಕಂಡಿರಲಿಲ್ಲ. ವಿಮಲಾ ಬಂದು ನನ್ನ ಪಕ್ಕ ನಿಂತಳು. ನನ್ನ ಕೂದಲಿಗೆ ಅಂಟಿದ್ದ ಗಂಜಿಯನ್ನು ಉಗುರಿನಿಂದ ಕಿತ್ತಳು. ಆಮೇಲೆ ಅವಳಿಗೆ ಬಂದ ನಗುವಿಗೆ ಕುರಿಗಳೂ ತಲೆ ಎತ್ತಿ ನೋಡಿದವು.

ಇನ್ನೊಂದು ತೊಡಕು ಉಳಿದಿತ್ತು. ನಮ್ಮ ಸ್ಟೋವು ನೀರು ಕುಡಿದು ಕೂತಿತ್ತು, ಅಡಿಗೆ ಆಗಿರಲಿಲ್ಲ. ಹೊತ್ತು ಮುಳುಗಿದರೆ ಅವ್ವನಿಗೆ ಉಪವಾಸ. ಲಗಮವ್ವ ತನ್ನ ಒಲೆ ಬಿಟ್ಟು, ಒಣಗಿದ ಜಾಗದಲ್ಲಿ ಮೂರು ಹೊಸ ಕಲ್ಲು ಹೂಡಿ, “ಆಯಿ, ಇದ ನಿಮ್ಮ ಒಲಿ. ಬೆಂಕಿ ಅಷ್ಟ ನಂದು” ಎಂದಳು. ಹಿಟ್ಟಿನ ಡಬ್ಬಿ ಟ್ರಂಕಿನೊಳಗೆ ಒಣಗಿಯೇ ಇತ್ತು. ಅವ್ವ ತನ್ನ ಹಂಚು ಇಟ್ಟಳು, ನೀರು ಸೋಸಿದಳು, ಹಿಟ್ಟು ನಾದಿದಳು. ಆಮೇಲೆ ತಲೆಯೆತ್ತಿ ನೋಡಿ ಕೈ ನಿಲ್ಲಿಸಿದಳು. ಆಕಾಶ ಪೂರ್ತಿ ಬೂದಿ ಬಣ್ಣ.

“ಹೊತ್ತ ಮುಳಗೇತಿ ಅಂತ ಕಾಣತೈತಿ ತಮ್ಮಾ.”

ನನ್ನ ಕೈಗಡಿಯಾರದೊಳಗೂ ನೀರು ಹೊಕ್ಕು ಮುಳ್ಳು ನಿಂತಿತ್ತು. ನಾನು ಮುಳುಗಿಲ್ಲವೆಂದೆ. ನನ್ನ ಮಾತಿಗೆ ಆ ಸಂಜೆ ಬೆಲೆ ಇರಲಿಲ್ಲ. ಬೀರಪ್ಪ ಮಂದೆಯ ಕಡೆ ಕೈ ಮಾಡಿದ. “ಇಲ್ರಿ ಆಯಿ. ಕುರಿ ಇನ್ನೂ ನಿಂತಾವ ನೋಡ್ರಿ. ಹೊತ್ತ ಮುಳಗಿದ್ರ ಒಂದೊಂದ ಕುಂಡರತಾವು. ಮ್ವಾಡ ಇರಲಿ, ಮಳಿ ಇರಲಿ, ಅವು ತಪ್ಪಂಗಿಲ್ಲ.”

ಅವ್ವ ಬಹಳ ಹೊತ್ತು ಕುರಿಗಳನ್ನು ನೋಡಿದಳು. ಕಡೆಗೆ ಅವಳು “ಮೂಕ ಪ್ರಾಣಿ. ಅವಕ್ಕ ಸುಳ್ಳ ಹೇಳಿ ಏನ ಆಗಬೇಕಾಗೇತಿ” ಎಂದು ರೊಟ್ಟಿ ತಟ್ಟಲು ಕೂತಳು. ಪಕ್ಕದ ಒಲೆಯಲ್ಲಿ ಲಗಮವ್ವನೂ ತಟ್ಟತೊಡಗಿದಳು. ಎರಡು ಜೋಡಿ ಕೈಗಳ ಸದ್ದು ಒಂದೇ ತಾಳಕ್ಕೆ ಬಿತ್ತು. ಇಬ್ಬರೂ ಪೈಪೋಟಿಗೆ ಇಳಿದರು.

ಸುನಂದಾ ಕಂಬಳಿ ಹೊದ್ದುಕೊಂಡೇ ಹೊಗೆಯ ವಾಸನೆಗೆ ಎದ್ದು ಬಂದಳು. ಅಜ್ಜಿಯ ಮುಂದೆ ಕೂತು ಕೈ ಚಾಚಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ. ಮೊದಲ ರೊಟ್ಟಿ ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಕೈ ಚಾಚಿದಾಗ ಅವ್ವ ನನ್ನ ಕಡೆ ನೋಡಿದಳು, ನಾನು ವಿಮಲಾಳ ಕಡೆ, ವಿಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಳೆಯ ಕಡೆ. ಮಾತಾಡಿದರೆ ಹಸಿವೆ ಹೆದರಿ ಓಡಿಹೋದೀತೆಂದು ನಮಗೆಲ್ಲ ಅನಿಸಿತ್ತು. ಅವ್ವ ಕೊನೆಯ ತುತ್ತು ಮುಗಿಸಿ ಕೈ ತೊಳೆದಾಗ ಮಂದೆಯಲ್ಲಿ ಮೊದಲ ಕುರಿ ಮೊಣಕಾಲು ಮಡಚಿ ಕೂತಿತು.

ಮಕ್ಕಳಿಗೆ ನಿದ್ದೆ ಬೇಗ ಬರಲಿಲ್ಲ. “ಅಪ್ಪಾ, ಮಗ್ಗ ಯಾಕ ಬಂದ್ ಅದಾವು?” ಎಂದು ಬಾಳು ಅಳುಮುಖ ಮಾಡಿದ. ಮೌನದಲ್ಲಿ ಮಲಗಿ ಗೊತ್ತಿಲ್ಲದ ಕೂಸು. ಇನ್ನೂರು ಕುರಿಗಳು ಮೆಲುಕು ಹಾಕುವುದನ್ನು ಕೇಳಿಸಿಕೋ ಎಂದೆ. ಅದರಲ್ಲೂ ಒಂದು ಲಯವಿತ್ತು. ಅವನು ಮಲಗಿದ, ಅವನಿಗಿಂತ ಮೊದಲು ನಾನು ಮಲಗಿದೆ ಎಂದು ವಿಮಲಾ ಹೇಳುತ್ತಾಳೆ.

ಬೆಳಿಗ್ಗೆ ಹೊರಡುವಾಗ ಇಬ್ಬರು ಹುಡುಗಿಯರೂ ಕೈ ಬಿಡಲೊಲ್ಲರು. ಮಾಯವ್ವ ಗುಟ್ಟಾಗಿ ಕೇಳಿದಳಂತೆ: “ನಿಮ್ಮ ಮನ್ಯಾಗ ತಲಿ ಮ್ಯಾಲ ಫ್ಯಾನ ತಿರಗತೈತಿ?” ತಿರುಗುತ್ತದೆ ಎಂದಳು ಇವಳು. “ನಾ ಒಂದ ರಾತ್ರಿ ಅದರ ಬುಡಕ ಮಲ್ಕೋಬೇಕು.” ಸುನಂದಾ ಅಲ್ಲಿಯೇ ನಮ್ಮೆಲ್ಲರ ಪರವಾಗಿ ಆಮಂತ್ರಣ ಕೊಟ್ಟಳು.

ದೀಪಾವಳಿ ಕಳೆದ ಮೇಲೆ ಬೀರಪ್ಪನ ಮಂದೆ ಪಂಚಗಂಗೆಯ ದಂಡೆಯ ಹೊಲಗಳಿಗೆ ಇಳಿಯಿತು. ಒಂದು ಸಂಜೆ ಅವನು ಮಗಳನ್ನು ನಮ್ಮ ಮನೆಗೆ ತಂದು ಬಿಟ್ಟ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಒಂದು ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಬಾಗಿಲಲ್ಲೇ “ಎಲ್ಲೈತಿ ಫ್ಯಾನ?” ಎಂದಳು. ಗುಂಡಿ ಒತ್ತಿದಳು, ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಅವಳನ್ನು ನೋಡಿದರು, ಅವಳು ನಲ್ಲಿಯನ್ನು ನೋಡಿದಳು. ಅವ್ವ ಹೊತ್ತಿರುವಾಗಲೇ ಹೋಳಿಗೆ ಬಡಿಸಿದಳು. ಮಗ್ಗದ ಸದ್ದಿಗೆ ಒಮ್ಮೆ ಕಿವಿ ಮುಚ್ಚಿಕೊಂಡ ಮಾಯವ್ವ, ಆಮೇಲೆ ಸುನಂದಾಳ ಕೈ ಹಿಡಿದು ಹಾಯಾಗಿ ಮಲಗಿದಳು.

ಮುಂಜಾನೆ ಬೀರಪ್ಪ ಬಂದಾಗ ನಾವೆಲ್ಲ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು.

“ಹೆಂಗಾತ ಬೇ?” ಎಂದ ಮಗಳಿಗೆ.

“ಭಾಳ ಚಲೋ ಆತಪಾ” ಎಂದಳು ಮಾಯವ್ವ. ಆಮೇಲೆ ನಮ್ಮ ಗೋಡೆಗಳನ್ನು, ಕಿಟಕಿಗಳನ್ನು, ಅಂಗಳವನ್ನು ಒಮ್ಮೆ ಕನಿಕರದಿಂದ ನೋಡಿ, ದನಿ ತಗ್ಗಿಸಿ ಕೇಳಿದಳು: “ಆದ್ರ ಅಪಾ, ಮುಂಜಾನಿ ಎದ್ದ ನೋಡಿದ್ರೂ ಮನಿ ಅಲ್ಲೇ ಐತಿ. ಇವ್ರೆಲ್ಲಾ ಎಂದ ಹೊಂಡತಾರ?”

ಬೀರಪ್ಪನಿಗೆ ನಾಚಿಕೆಯಾಯಿತು. ನನ್ನ ಮುಖ ನೋಡಿದ. ನಾನು ಬಟ್ಟಲೊಳಗೆ ನೋಡಿದೆ. ಅವನು ಮಗಳ ತಲೆ ಸವರಿ, ನಮಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದ:

“ಹೊಂಡತಾರವ್ವಾ. ಅವ್ರ ಮೇವು ಇನ್ನೂ ತೀರಿಲ್ಲ.”